ಐದನೆಯ ಫಾರಂ

ನಾನು ಮೂವತ್ತು ಚಿಲ್ಲರೆ ವರ್ಷ ಅಕ್ಷರಗಳನ್ನು ತಲೆಕೆಳಗಾಗಿ ಓದಿದವನು. ಈಗಲೂ ಎದುರು ಕುರ್ಚಿಯವರು ಮೇಜಿನ ಮೇಲೆ ಕಾಗದ ಹರಡಿದರೆ ಅವರಿಗಿಂತ ಮೊದಲು ನಾನು ಓದಿ ಮುಗಿಸಿರುತ್ತೇನೆ. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ನನ್ನ ಕಣ್ಣು ಹೋದ ದಿಕ್ಕು ನೋಡಿ ಫೈಲನ್ನು ಅಂಗೈಯಿಂದ ಮುಚ್ಚಿಕೊಂಡರು. ನನ್ನ ಹೆಂಡತಿ ಇದನ್ನು ಕಳ್ಳಬುದ್ಧಿ ಎನ್ನುತ್ತಾಳೆ. ಕಳ್ಳಬುದ್ಧಿಯಲ್ಲ, ಕಸುಬು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು ಹಾಗೆಯೇ ಓದಬೇಕು.

ವಿಜಯವಾಡದ ಪಟಮಟದಲ್ಲಿ ನಮ್ಮ ಮನೆಯ ಕೆಳಗಡೆ ಗಂಡ ಹೆಂಡತಿ ಇಬ್ಬರು ಕಂಪ್ಯೂಟರ್ ಇಟ್ಟುಕೊಂಡು ಪುಸ್ತಕದ ಪುಟ ಕಟ್ಟುವ ಅಂಗಡಿ ನಡೆಸುತ್ತಾರೆ. ನನ್ನನ್ನು ಚಿಕ್ಕಪ್ಪನೆಂದು ಕರೆಯುವ ಆ ಹೆಣ್ಣುಮಗಳೇ ಒಂದು ದಿನ, "ಬಾಬಾಯಿಗಾರು, ನಿಮ್ಮ ಕಾಲದ ಕೆಲಸ ಹೇಗಿತ್ತು ಅಂತ ಬರೆದಿಡಿ. ನಮಗೆ ಮೌಸು ಬಿಟ್ಟರೆ ಏನೂ ಗೊತ್ತಿಲ್ಲ," ಎಂದಳು. ಅವಳಿಗೆ ಕನ್ನಡ ಓದಲು ಬಾರದು, ನನಗೆ ಕನ್ನಡ ಬಿಟ್ಟು ಬೇರೆಯದರಲ್ಲಿ ಬರೆಯಲು ಮನಸ್ಸಿಲ್ಲ. ಬರೆದು ಮುಗಿಸಿದ ಮೇಲೆ ಕೂರಿಸಿಕೊಂಡು ತೆಲುಗಿನಲ್ಲಿ ಹೇಳಿದರಾಯಿತು ಎಂದು ಶುರುಮಾಡಿದ್ದೇನೆ. ಯಾವಾಗ ಸಂಬಳ ಏರಿತು, ಯಾವಾಗ ಹಿರಿಯ ಕಂಪಾಸಿಟರ್ ಎನಿಸಿಕೊಂಡೆ ಎಂಬುದೆಲ್ಲ ಇಲ್ಲಿ ಬೇಡ. ಅವು ನನಗೇ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ಗದಗಿನಲ್ಲಿ ಕೆಲಸ ಕಲಿತೆ. ಕಲಿಸಿದ ಫೋರ್‌ಮನ್ನು ನಮ್ಮ ಕಣ್ಣಿಗೆ ಪಂಚೆ ಕಟ್ಟಿ ಮೊಳೆಗಳ ಕೇಸಿನ ಮುಂದೆ ನಿಲ್ಲಿಸುತ್ತಿದ್ದ. ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು, ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ, ಒಟ್ಟು ನೂರಾರು ಗೂಡು. ಕೈ ತಾನಾಗಿ ಹೋಗಬೇಕು, ಕಣ್ಣು ಹುಡುಕಬಾರದು. "ತಲಿಯಾಗ ಇಟಗೊಂಡದ್ದು ಮರೀತೈತಿ, ಕೈಯಾಗ ಇಟಗೊಂಡದ್ದು ಮರಿಯೂದಿಲ್ಲ" ಎನ್ನುತ್ತಿದ್ದ. ಆಗ ಅವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ವಿಜಯವಾಡಕ್ಕೆ ಬಂದದ್ದು ಮದುವೆಯಿಂದ. ನನ್ನ ಸೋದರಮಾವ ಇಲ್ಲಿ ಸೈಕಲ್ ಅಂಗಡಿ ಇಟ್ಟು ತೆಲುಗಿನವರ ಮಗಳನ್ನು ಮದುವೆಯಾಗಿದ್ದ. ಅವನ ಮಗಳನ್ನು ನಾನು ಮದುವೆಯಾದೆ. ಮಕ್ಕಳು ಹುಟ್ಟಿದರು, ತೆಲುಗಿನಲ್ಲಿ ಅತ್ತರು, ತೆಲುಗಿನಲ್ಲಿ ನಕ್ಕರು. ಮನೆಯಲ್ಲಿ ಕನ್ನಡ ಎಂದರೆ ನಾನೊಬ್ಬನೇ ಆಡುವ ಭಾಷೆಯಾಯಿತು.

ಪ್ರೆಸ್ಸಿನ ಯಜಮಾನರು ಕೋಟೇಶ್ವರರಾವುಗಾರು. ಒಂದು ದಿನವೂ ಯಾರ ಮೇಲೂ ದನಿ ಏರಿಸಿದವರಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು. ಅಷ್ಟಕ್ಕೇ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಸೇರಿದ ಮೊದಲ ತಿಂಗಳಲ್ಲೇ ನಾನು ಜೋಡಿಸಿ ಮುಗಿಸಿದ್ದ ಎಂಟು ಪುಟವನ್ನು ಹೊಸ್ತಿಲ ಮೇಲೆ ಎಡವಿ ಚೆಲ್ಲಿದೆ. ಸಾವಿರಾರು ಸೀಸದ ಮೊಳೆ ನೆಲದ ಮೇಲೆ. ಅವರು ಬಂದರು, ನೋಡಿದರು, ಕನ್ನಡಕ ಒರೆಸಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ನನ್ನ ಜೊತೆಗೇ ಕೂತು ಮಧ್ಯಾಹ್ನದವರೆಗೆ ಮೊಳೆ ಆರಿಸಿದರು. ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ.

ಬಳ್ಳಾರಿ ಕಡೆಯ ಯಾವುದೋ ಕ್ಯಾಲೆಂಡರ್ ಕೆಲಸಕ್ಕೆಂದು ಅವರು ಹಿಂದೆಂದೋ ಕನ್ನಡದ ಮೊಳೆಗಳನ್ನು ತರಿಸಿದ್ದರು. ಅವುಗಳಿಗೆ ನಾನೇ ವಾರಸುದಾರ. ವರ್ಗವಾಗಿ ಬಂದ ಬ್ಯಾಂಕಿನ ಕನ್ನಡಿಗರ ಮನೆಯ ಲಗ್ನಪತ್ರಿಕೆ, ಕನ್ನಡ ಸಂಘದ ಸುತ್ತೋಲೆ, ಇಷ್ಟೇ ಆ ಮೊಳೆಗಳ ಭಾಗ್ಯ. ಹಾಗಿರುವಾಗ ಎಂಬತ್ತರ ದಶಕದ ಕೊನೆಯ ಹೊತ್ತಿಗೆ ವಿಶಾಖಪಟ್ಟಣದಿಂದ ಒಂದು ಇಡೀ ಪುಸ್ತಕ ಬಂತು. ಆ ಊರಿನ ಗಾಜುವಾಕ ಬಡಾವಣೆಯಲ್ಲಿದ್ದ ಗಿರಿಜಕ್ಕ ಎಂಬುವರ ಕಥೆಗಳು.

ಗಿರಿಜಕ್ಕ ನಮ್ಮ ಗದಗಿನವರೇ. ಬ್ಯಾಂಕಿನಲ್ಲಿದ್ದ ಗಂಡನ ಹಿಂದೆ ಊರೂರು ಸುತ್ತಿ, ಅವರು ತೀರಿಕೊಂಡ ಮೇಲೆ ಉಕ್ಕಿನ ಕಾರ್ಖಾನೆಯಲ್ಲಿದ್ದ ಮಗನ ಮನೆಯಲ್ಲಿ ನೆಲೆಸಿದ್ದರು. ಸೊಸೆ ಪದ್ಮಜ ಅಚ್ಯುತಾಪುರಂ ಕಡೆಯ ತೆಲುಗು ಹುಡುಗಿ. ಅರವತ್ತು ದಾಟಿದ ಮೇಲೆ ಗಿರಿಜಕ್ಕ ಬರೆಯಲು ಕೂತದ್ದನ್ನು ಆ ಮನೆಯಲ್ಲಿ ಯಾರೂ ಅಡ್ಡಿಪಡಿಸಿರಲಿಲ್ಲ, ಯಾರೂ ಓದಿಯೂ ಇರಲಿಲ್ಲ. ಓದುವ ಕನ್ನಡ ಆ ಮನೆಯಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಮಗನಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಹಸ್ತಪ್ರತಿಯ ಜೊತೆಗೆ ನನ್ನ ಹೆಸರಿಗೇ ಒಂದು ಕಾಗದ ಇಟ್ಟಿದ್ದರು. "ವೀರಭದ್ರಪ್ಪನವರೇ, ನೀವು ನಮ್ಮೂರವರೆಂದು ಸಂಘದವರು ಹೇಳಿದರು. ಈ ಪುಸ್ತಕದಲ್ಲಿ 'ಹರಿದ ಪೇಪರು' ಎಂಬ ಕಥೆ ಇದೆ. ಅದು ನಮ್ಮ ಅಕ್ಕ ಸಂಗಮ್ಮನಿಗೆ ನಾನು ಹೇಳಬೇಕಾಗಿದ್ದ ಮಾತು. ಐವತ್ತು ವರ್ಷವಾಯಿತು, ಎದುರಿಗೆ ನಿಂತು ಹೇಳಲು ಧೈರ್ಯ ಬಂದಿಲ್ಲ. ಅಕ್ಕನಿಗೆ ಓದಲು ಬರುವುದಿಲ್ಲ, ಈಗ ಕಣ್ಣೂ ಮಂಜು. ಪುಸ್ತಕ ಬಿಡುಗಡೆಗೆ ಅವಳನ್ನು ಗದಗಿನಿಂದ ಕರೆಸುತ್ತಿದ್ದೇನೆ. ಎಲ್ಲರ ಮುಂದೆ ಓದಿ ಹೇಳುತ್ತೇನೆ. ಓದುವಾಗ ನನಗೆ ಧೈರ್ಯ ಇರುತ್ತದೆ. ಮಾರನೆಯ ದಿನವೇ ಅವಳು ರೈಲು ಹತ್ತುತ್ತಾಳೆ. ಆದ್ದರಿಂದ ಆ ದಿನಕ್ಕೆ ಪುಸ್ತಕ ಹೇಗಾದರೂ ಆಗಬೇಕು."

ಕಥೆ ಇಷ್ಟು. ಸಂಗಮ್ಮನದು ಗದಗಿನಲ್ಲಿ ಖಾನಾವಳಿ. ದಿನಾ ಬೆಳಗ್ಗೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವಾಗ ಶಾಲೆಗೆ ಹೋಗುವ ತಂಗಿ ಎದುರಿಗೆ ಕೂತು, ಬೆಲ್ಲ ಮೆಣಸಿನಕಾಯಿ ಕಟ್ಟಿಕೊಂಡು ಬಂದ ಪೇಪರಿನ ತುಂಡುಗಳನ್ನು ಓದಿ ಹೇಳಬೇಕು. ತುಂಡು ಎಂದಮೇಲೆ ಸುದ್ದಿ ಅರ್ಧಕ್ಕೇ ಹರಿದಿರುತ್ತದೆ. ಅಕ್ಕ "ಮುಂದ ಓದು" ಎನ್ನುತ್ತಾಳೆ. ಹುಡುಗಿ ಹೆದರಿ ಮುಂದಿನದನ್ನು ತಾನೇ ಕಟ್ಟಿ ಓದುತ್ತಾಳೆ. ಸರ್ಕಸ್ಸಿನಿಂದ ಕರಡಿ ತಪ್ಪಿಸಿಕೊಂಡಿತು ಎಂಬಲ್ಲಿಗೆ ಪೇಪರು ಹರಿದಿದ್ದರೆ, ಅದು ಮದುವೆ ಮನೆಗೆ ಹೋಗಿ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡಿತು ಎಂದು ಓದುತ್ತಾಳೆ. ಹೀಗೆ ಅಭ್ಯಾಸವಾದ ಮೇಲೆ ಒಂದು ದಿನ ಅಕ್ಕನ ಗಂಡನ ಕಾಗದ ಬರುತ್ತದೆ. ದೂರದ ಊರಿನ ಗಿರಣಿಗೆ ದುಡಿಯಲು ಹೋದವನು, ತಾನು ಬೇರೆ ಸಂಸಾರ ಹೂಡಿದ್ದೇನೆ, ಇನ್ನು ಬರುವುದಿಲ್ಲ ಎಂದು ಬರೆದಿರುತ್ತಾನೆ. ಹನ್ನೊಂದು ವರ್ಷದ ಹುಡುಗಿ "ದೀಪಾವಳಿಗೆ ಬರತೇನಿ" ಎಂದು ಓದಿಬಿಡುತ್ತಾಳೆ. ಅಕ್ಕ ದೀಪಾವಳಿಗೆ ಹೋಳಿಗೆ ಮಾಡಿ ಬಾಗಿಲಲ್ಲಿ ಕೂರುತ್ತಾಳೆ.

ಈ ಕಥೆಯನ್ನು ಜೋಡಿಸುವಾಗ ನಾನು ಎರಡು ಸಲ ಕೈ ನಿಲ್ಲಿಸಿ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಅದು ಭಾವನೆಯ ಮಾತು. ಕಸುಬಿನ ತೊಂದರೆ ಬೇರೆಯೇ ಇತ್ತು. ಪುಟಕ್ಕೆ ಹತ್ತು ಸಲ ರೊಟ್ಟಿ, ತಟ್ಟಿ, ಹಿಟ್ಟು, ಬುಟ್ಟಿ. ಟ ಒತ್ತಿನ ಮೊಳೆ ನಮ್ಮಲ್ಲಿದ್ದದ್ದೇ ಸ್ವಲ್ಪ. ನಾಲ್ಕು ಪುಟಕ್ಕೆ ಗೂಡು ಬರಿದು. ಮೊದಲ ಪುಟಗಳನ್ನು ಅಚ್ಚು ಹಾಕಿ, ಮೊಳೆ ಬಿಡಿಸಿ, ತೊಳೆದು, ಮತ್ತೆ ಜೋಡಿಸಬೇಕು. ಬೇಸತ್ತು ಗಿರಿಜಕ್ಕನಿಗೆ ಒಂದು ಕಾರ್ಡು ಹಾಕಿದೆ: "ಕೆಲವು ಕಡೆ ರೊಟ್ಟಿಗೆ ಬದಲು ಚಪಾತಿ ಎಂದು ಹಾಕಿಕೊಳ್ಳಲೇ?" ವಾರದೊಳಗೆ ಉತ್ತರ ಬಂತು. ಒಂದೇ ಸಾಲು. "ನಮ್ಮಕ್ಕ ಚಪಾತಿ ಮಾಡಾಕಿ ಅಲ್ಲ."

ಕಾರ್ಡು ಓದಿ ನಾನೊಬ್ಬನೇ ನಕ್ಕೆ. ಅದನ್ನು ಕೇಸಿಗೆ ಅಂಟಿಸಿಕೊಂಡು ಆ ಕಥೆಯನ್ನು ತುಂಡು ತುಂಡಾಗಿ, ಜೋಡಿಸಿ ಬಿಡಿಸಿ, ಮೂರು ವಾರ ಎಳೆದೆ. ಬೇರೆ ಯಾವ ಪುಸ್ತಕವೂ ನನ್ನ ಕೈಯಲ್ಲಿ ಅಷ್ಟು ದಿನ ಕೂತಿರಲಿಲ್ಲ.

ಆ ಎಳೆದಾಟದಿಂದ ಕೊನೆಗೆ ಅವಸರವಾಯಿತು. ಆಗ ಹದಿನಾರು ಪುಟಕ್ಕೆ ಒಂದು ಫಾರಂ. ಅಚ್ಚಾದ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಮಡಿಕೆಯಾಗುತ್ತದೆ. ಬೈಂಡಿಂಗ್ ಕೋಣೆಯಲ್ಲಿ ಮಡಿಕೆಗಳನ್ನು ಸಾಲಾಗಿ ಗುಡ್ಡೆ ಹಾಕಿ, ಹೆಂಗಸರು ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತ ನಡೆದರೆ ಪುಸ್ತಕವಾಗುತ್ತದೆ. ಯಾವುದರ ಮೇಲೆ ಯಾವುದು ಎಂದು ತಿಳಿಯಲು ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಪುಸ್ತಕದ ಹೆಸರನ್ನು ಚಿಕ್ಕದಾಗಿ ಹಾಕಿ ಪಕ್ಕದಲ್ಲಿ ಅಂಕಿ ಹಾಕಬೇಕು. ಹೆಸರು, ಅಂಕಿ, ಎರಡೂ. ಇದು ಗದಗಿನ ಫೋರ್‌ಮನ್ನು ಕಲಿಸಿದ ಮೊದಲ ಪಾಠ.

ನಾನು ಅಂಕಿ ಮಾತ್ರ ಹಾಕಿದೆ. ಬೈಂಡಿಂಗಿನ ಹಿರಿಯಳಾದ ನಾಗರತ್ನಮ್ಮ, "ಅಂಕೆ ಉಂಟೇ ಚಾಲಯ್ಯಾ, ಅಂಕಿ ಇದ್ದರೆ ಸಾಕು, ನಿನ್ನ ಕನ್ನಡ ಇಲ್ಲಿ ಯಾರು ಓದಬೇಕು," ಎಂದಿದ್ದಳು. ಹೌದಲ್ಲ ಎನಿಸಿತು. ಹತ್ತು ಮೊಳೆ ಉಳಿಯಿತು ಎಂದು ಒಳಗೊಳಗೇ ಖುಷಿಯೂ ಆಯಿತು. ಅದೇ ವಾರ ಅದೇ ಕೋಣೆಯಲ್ಲಿ, ಅದೇ ಅಳತೆಯ ಅದೇ ಕಾಗದದ ಮೇಲೆ, ರೈತರಿಗಾಗಿ ಒಂದು ತೆಲುಗು ಕೈಪಿಡಿ ಕಟ್ಟುತ್ತಿದ್ದರು. ಎಮ್ಮೆಗಳ ರೋಗ ಮತ್ತು ಚಿಕಿತ್ಸೆ. ಓದದೆ ದೂರದಿಂದ ನೋಡಿದರೆ ಎರಡು ಲಿಪಿಯೂ ಗುಂಡಗುಂಡಗೆ ಒಂದೇ. ಯಾರೋ ಗುಡ್ಡೆ ಸರಿಸಿದರು, ಐದು ಇದ್ದ ಜಾಗದಲ್ಲಿ ಇನ್ನೊಂದು ಐದು ಕೂತಿತು. ನಾಗರತ್ನಮ್ಮನ ತಪ್ಪು ಇದರಲ್ಲಿ ಕೂದಲೆಳೆಯಷ್ಟೂ ಇಲ್ಲ. ತಪ್ಪು ನನ್ನದು.

ಬಿಡುಗಡೆಯ ದಿನ ಬೆಳಗಿನ ರೈಲಿಗೆ ಮೊದಲ ನೂರು ಪ್ರತಿಗಳನ್ನು ಎರಡು ಕಟ್ಟು ಮಾಡಿ ನಾನೇ ಹೊತ್ತುಕೊಂಡು ಹೊರಟೆ. ಹೊರಡುವ ಮುಂಚೆ ನೋಡಿದ್ದೆ. ರಕ್ಷಾಪುಟ ನೋಡಿದೆ, ಮೊದಲ ಫಾರಂ ನೋಡಿದೆ, ಕೊನೆಯದು ನೋಡಿದೆ. ರೈಲಿನಲ್ಲಿ ಏಳು ತಾಸು ಖಾಲಿ ಕೂತಿದ್ದೆ. ಕಟ್ಟು ಬಿಚ್ಚಿದರೆ ಹಾಳೆ ಮಾಸುತ್ತದೆ ಎಂದು ಅದರ ಮೇಲೆ ಕೈಯಿಟ್ಟುಕೊಂಡು, ತುನಿಯಲ್ಲಿ ಇಡ್ಲಿ ತಿಂದು ನಿದ್ದೆ ಹೊಡೆದೆ.

ಗಾಜುವಾಕದ ಒಂದು ಶಾಲೆಯ ಸಭಾಂಗಣದಲ್ಲಿ ಸಮಾರಂಭ. ಆರು ಗಂಟೆಗೆಲ್ಲ ಸಭಾಂಗಣ ತುಂಬಿತ್ತು. ಪಾಳಿ ಮುಗಿಸಿ ಕಾರ್ಖಾನೆಯ ಬಸ್ಸಿನಿಂದ ನೇರವಾಗಿ ಇಳಿದವರು, ಬ್ಯಾಂಕಿನವರು, ಅವರ ಮನೆಯವರು, ಮಾತಿನ ನಡುವೆ ತೆಲುಗಿಗೆ ಜಾರುವ ಮಕ್ಕಳು. ಹೊರಗೆ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಕಾಯುತ್ತಿತ್ತು. ಮೊದಲಿಗೆ ಊರಿನ ಬರಹಗಾರರ ಸರದಿ. ಕ್ರೇನ್ ನಡೆಸುವ ಧಾರವಾಡದವನೊಬ್ಬ ಕಾದ ಕಬ್ಬಿಣದ ಮೇಲೆ ಪದ್ಯ ಓದಿದ. ಅಂಗೈ ತುಂಬ ಸುಟ್ಟ ಕಲೆಗಳಿದ್ದವು, ಪದ್ಯ ಮಾತ್ರ ತಣ್ಣಗೆ ಚೆನ್ನಾಗಿತ್ತು. ಬ್ಯಾಂಕಿನ ಗುಮಾಸ್ತರೊಬ್ಬರು ವರ್ಗಾವಣೆಯ ಮೇಲೆ ಚುಟುಕು ಹೇಳಿ ಸಭೆಯನ್ನೆಲ್ಲ ನಗಿಸಿದರು. ಅತಿಥಿಗಳಾಗಿ ಬಂದಿದ್ದ ತೆಲುಗಿನ ಹೆಡ್‌ಮಾಸ್ತರು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಸಭೆಗೆ ತೋರಿಸಿ, "ನನಗೆ ಓದಲು ಬಾರದು, ಆದರೆ ಅಚ್ಚು ಬಹಳ ಸ್ವಚ್ಛವಾಗಿದೆ," ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಎದೆ ಒಂದು ಗೇಣು ಉಬ್ಬಿತು.

ಮುಂದಿನ ಸಾಲಿನಲ್ಲಿ ಸಂಗಮ್ಮ ಕೂತಿದ್ದರು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಎಂಬತ್ತರ ಹತ್ತಿರದ ಮುದುಕಿಯಾದರೂ ತೋಳು ಇನ್ನೂ ಗಟ್ಟಿಯಾಗಿತ್ತು. ಪಕ್ಕದಲ್ಲಿ ಸೊಸೆ ಪದ್ಮಜ, ಕೈಯಲ್ಲಿ ಒಂದು ಪ್ರತಿ.

ಗಿರಿಜಕ್ಕ ಎದ್ದರು. ಭಾಷಣ ಮಾಡಲಿಲ್ಲ, ನಮಸ್ಕಾರ ಎಂದು ಹೇಳಿ ನೇರವಾಗಿ 'ಹರಿದ ಪೇಪರು' ಓದತೊಡಗಿದರು. ಎರಡನೆಯ ಪುಟಕ್ಕೆ ದನಿ ಹದಕ್ಕೆ ಬಂತು. ಕಾರ್ಖಾನೆಯವರು ಕೂಡ ಕೆಮ್ಮದೆ ಕೇಳುತ್ತಿದ್ದರು. ಅರವತ್ತನಾಲ್ಕನೆಯ ಪುಟದ ಕೊನೆಗೆ ಬಂದರು. "ಅಲ್ಲಿಗೆ ಪೇಪರು ಹರಿದಿತ್ತು. ಅಕ್ಕ ರೊಟ್ಟಿ ತಟ್ಟುವ ಕೈ ನಿಲ್ಲಿಸಿ," ಎಂದು ಓದಿ ಪುಟ ತಿರುವಿದರು. ನಿಂತರು.

ಮತ್ತೆ ಹಿಂದಕ್ಕೆ ತಿರುವಿದರು. ಮುಂದಕ್ಕೆ ತಿರುವಿದರು. ನನಗೆ ಇನ್ನೂ ಏನೆಂದು ತಿಳಿಯದು. ದುಃಖ ಉಕ್ಕಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಪದ್ಮಜ ತನ್ನ ಪ್ರತಿಯಲ್ಲಿ ಅದೇ ಪುಟ ತೆಗೆದು, ಬಾಯಿಗೆ ಸೆರಗು ಅಡ್ಡ ಹಿಡಿದು, "ಅತ್ತಯ್ಯಾ, ಇದಿ ಗೇದೆಲ ಪುಸ್ತಕಂ," ಎಂದಳು. ಎಮ್ಮೆಗಳ ಪುಸ್ತಕ. ಪಕ್ಕದವರು ಬಗ್ಗಿ ನೋಡಿದರು. ಪುಟದ ನಡುವೆ ಹೊಟ್ಟೆ ಉಬ್ಬಿದ ಎಮ್ಮೆಯ ಚಿತ್ರ. ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹಬ್ಬಿ ಸಭಾಂಗಣದ ಕೊನೆಯವರೆಗೆ ಬಂತು. ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ್ದು ನಿಜ. ಸುಳ್ಳು ಹೇಳುವುದಿಲ್ಲ.

ಗಿರಿಜಕ್ಕ ನಗಲಿಲ್ಲ. ಅವರ ಕಣ್ಣು ಅಕ್ಕನ ಮೇಲಿತ್ತು. ಐವತ್ತು ವರ್ಷ ಕಾದು ಒಂದು ಸಂಜೆಗೆ ಕೂಡಿಸಿಕೊಂಡಿದ್ದ ಧೈರ್ಯವೆಲ್ಲ ಆ ಹದಿನಾರು ಪುಟದಲ್ಲಿತ್ತು. ಆ ಪುಟಗಳು ವಿಜಯವಾಡದಲ್ಲಿದ್ದವು. ಹಸ್ತಪ್ರತಿಯೂ ಅಲ್ಲೇ. ಪುಸ್ತಕ ಮುಚ್ಚಿ ಕೂರಲು ಹೊರಟರು.

ನಗು ಯಾತಕ್ಕೆಂದು ತಿಳಿಯದ ಸಂಗಮ್ಮ ತಲೆಯೆತ್ತಿ ಗಟ್ಟಿಯಾಗಿ ಕೇಳಿದರು: "ಯಾಕ ನಿಂತೀ, ಗಿರಿಜಾ? ಮುಂದ ಓದು."

ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತಿತ್ತು, ಗಿರಿಜಕ್ಕನಿಗೆ ಗೊತ್ತಿತ್ತು. ಅರವತ್ತೈದನೆಯ ಪುಟದ ಮೊದಲ ಸಾಲು ಅದೇ. 'ಮುಂದ ಓದು' ಎಂದಳು.

ನಾನು ಹೇಗೆ ಎದ್ದೆನೋ ತಿಳಿಯದು. "ತಪ್ಪು ನಂದ್ರೀ," ಎಂದೆ. "ನಾನು ವಿಜಯವಾಡದ ಪ್ರೆಸ್ಸಿನಾಂವ. ಇದನ್ನ ಜೋಡಿಸಿದಾಂವ ನಾನಽ. ಪುಸ್ತಕದಾಗ ಇಲ್ಲ, ಆದ್ರ ನನ್ನ ಕೈಯಾಗ ಐತಿ." ಎಲ್ಲರೂ ತಿರುಗಿ ನೋಡಿದರು. ನಾನು ಕಣ್ಣು ಮುಚ್ಚಿದೆ. ಎದುರಿಗೆ ಕೇಸು ಇದೆ ಎಂದುಕೊಂಡು ಬೆರಳಾಡಿಸುತ್ತ ಆ ಪುಟ ಹೇಳತೊಡಗಿದೆ: "'ಮುಂದ ಓದು' ಎಂದಳು. ನನ್ನ ಕೈಯಲ್ಲಿದ್ದದ್ದು ಅಂಗೈಯಗಲದ ತುಂಡು. ಅದರಲ್ಲಿ ಕರಡಿ ಸರ್ಕಸ್ಸಿನಿಂದ ತಪ್ಪಿಸಿಕೊಂಡಿತ್ತು, ಎಲ್ಲಿಗೆ ಹೋಯಿತೆಂಬುದು ಬೆಲ್ಲದಂಗಡಿಯವನ ಬಳಿ ಉಳಿದಿತ್ತು." ಸಾಲು ಎಲ್ಲಿ ಮುರಿದಿತ್ತು, ಒತ್ತು ಎಲ್ಲಿ ಮುಗಿದಿತ್ತು, ಯಾವ ರೊಟ್ಟಿಗೆ ಬಂದು ಮೂರು ದಿನ ನಿಂತಿದ್ದೆ, ಎಲ್ಲ ಬೆರಳಿಗೆ ಬಂತು.

ಕರಡಿ ಪಂಕ್ತಿಗೆ ಬರುವ ಹೊತ್ತಿಗೆ ನಗು ಮತ್ತೆ ಎದ್ದಿತು. ಈ ಸಲದ ನಗು ಬೇರೆ. ನಾನು ಒಂದು ಸಾಲು ತಪ್ಪಿದರೆ ವೇದಿಕೆಯಿಂದ ಗಿರಿಜಕ್ಕ ಹಿಡಿದುಕೊಳ್ಳುತ್ತಿದ್ದರು. ನಾನೊಂದು, ಅವರೊಂದು. ಸ್ವಲ್ಪ ಹೊತ್ತಿಗೆ ಅವರೇ ಹೆಚ್ಚು, ನಾನು ಕಡಿಮೆ. ಸಂಗಮ್ಮ ನಡುವೆ ಬಾಯಿ ಹಾಕಿದರು: "ಅವತ್ತು ಜ್ವಾಳದ ಹಿಟ್ಟು ಅಲ್ಲವ್ವಾ, ಸಜ್ಜಿ. ಜ್ವಾಳ ತೀರಿತ್ತು." ಸಭೆ ಮತ್ತೆ ನಕ್ಕಿತು.

ಕಾಗದದ ಜಾಗ ಬಂತು. ಗಿರಿಜಕ್ಕ ನನ್ನ ಕಡೆ ನೋಡಿದರು. ನೀನೇ ಹೇಳಿಬಿಡು ಎನ್ನುವ ಮುಖ. ಆ ಪುಟ ನನಗೆ ಅಕ್ಷರ ಬಿಡದೆ ಬರುತ್ತಿತ್ತು. ಆದರೆ ಅದು ಪ್ರೆಸ್ಸಿನವನು ಹೇಳುವ ಮಾತಲ್ಲ.

"ಅಕ್ಕಾರ, ಮುಂದಿಂದು ನನಗ ನೆನಪಿಲ್ರೀ," ಎಂದು ಕೂತುಬಿಟ್ಟೆ.

ಅವರು ಪುಸ್ತಕವನ್ನು ಕುರ್ಚಿಯ ಮೇಲಿಟ್ಟರು. ಆಮೇಲೆ ವೇದಿಕೆಯಿಂದ ಇಳಿದು ಅಕ್ಕನ ಎದುರಿಗೆ ಬಂದು ನೆಲದ ಮೇಲೆಯೇ ಕೂತರು. ಮೈಕಿಲ್ಲ. ಹಿಂದಿನವರಿಗೂ ಕೇಳಿಸಿತು. "ಅಕ್ಕಾ, ಮಾವನ ಕಾಗದ ಬಂದಿತ್ತಲ್ಲ. ದೀಪಾವಳಿಗೆ ಬರತೇನಿ ಅಂತ ಅದರಾಗ ಇರಲಿಲ್ಲ. ಇನ್ನ ಬರೂದಿಲ್ಲ ಅಂತಿತ್ತು. ನಾನು ಸುಳ್ಳು ಓದಿದೆ. ನೀ ಹೋಳಿಗಿ ಮಾಡಿಟಗೊಂಡು ಕುಂತಿದ್ದಿ."

ಸಂಗಮ್ಮ ಕೈ ಚಾಚಿ ತಂಗಿಯ ತಲೆಯನ್ನು ಹುಡುಕಿ ಮುಟ್ಟಿದರು.

"ನನಗ ಗೊತ್ತಿತ್ತು," ಎಂದರು. "ಮೊದಲಽ ಅಂಚಿಯಾಂವ ಓದಿ ಹೇಳಿದ್ದ. ಇನ್ನೊಮ್ಮಿ ಕೇಳೂಣು ಅಂತ ನಿನ್ನ ಕೈಯಾಗ ಕೊಟ್ಟೆ."

"ಮತ್ತ ಯಾಕ ಹೇಳಲಿಲ್ಲ ಅಕ್ಕಾ?"

"ಹೇಳಿದ್ರ ನೀ ಓದೂದು ಬಿಡತಿದ್ದಿ. ಕರಡಿ ಹೋಳಿಗಿ ಉಂಡದ್ದನ್ನ ಯಾವ ಪೇಪರಿನ್ಯಾಗ ಬರೀತಾರ? ಅದೂ ಗೊತ್ತಿತ್ತು." ತಲೆಯ ಮೇಲಿನ ಕೈ ತೆಗೆಯದೆ ಹೇಳಿದರು: "ಅಂವ ಓದಿದ್ದು ಖರೇ ಇತ್ತು. ನೀ ಓದಿದ್ದು ನನಗ ಬೇಕಾಗಿತ್ತು."

ನಾನು ಅತ್ತುಬಿಟ್ಟೆ. ಪದ್ಯ ಓದಿ ನನ್ನ ಪಕ್ಕಕ್ಕೆ ಬಂದು ಕೂತಿದ್ದ ಕ್ರೇನಿನವನೂ ಅಳುತ್ತಿದ್ದ. ಹೆಡ್‌ಮಾಸ್ತರು ಏನಾಯಿತೆಂದು ಪದ್ಮಜಳನ್ನು ಕೇಳಿದರು; ಅವಳು ತನಗೂ ಪೂರ್ತಿ ತಿಳಿಯಲಿಲ್ಲವೆಂದಳು. ಆಮೇಲೆ ಬಜ್ಜಿ ತಿಂದೆವು. ನೂರು ಪ್ರತಿಯೂ, ಎಮ್ಮೆಯ ಸಮೇತ, ಹೋಗಿಬಿಟ್ಟವು. ಜನ ಸರತಿ ನಿಂತು ತೆಗೆದುಕೊಂಡರು.

ಮಾರನೆಯ ದಿನ ಟ್ರಂಕ್ ಕಾಲ್ ಹಾಕಿ ಯಜಮಾನರಿಗೆ ಎಲ್ಲ ಹೇಳಿದೆ. ಆ ಕಡೆ ಮಾತಿಲ್ಲ. ಕನ್ನಡಕ ಒರೆಸುತ್ತಿದ್ದಾರೆ ಎಂದು ಮುನ್ನೂರೈವತ್ತು ಕಿಲೋಮೀಟರು ಆಚೆಗೇ ತಿಳಿಯಿತು. ಕೊನೆಗೆ, "ಏಮಯ್ಯಾ, ನಿಮ್ಮ ಕನ್ನಡದ ಕಥೆಗಳು ನಮ್ಮ ಗೇದೆಗಳ ಪುಸ್ತಕಕ್ಕೆ ಸೇರಿಕೊಂಡಿವೆಯಾ? ಬೈಂಡಿಂಗು ನಿಲ್ಲಿಸುತ್ತೇನೆ, ಬಾ," ಎಂದರು. ಮುಂದಿನ ಎರಡು ಭಾನುವಾರ ಸರಿಯಾದ ಐದನೆಯ ಫಾರಮ್ಮು, ಸೂಜಿ, ದಾರ, ಮೈದಾ ಅಂಟು ಹಿಡಿದು ಗಾಜುವಾಕದ ಮನೆಮನೆ ತಿರುಗಿದೆ. ಕೂತಲ್ಲೇ ಎಮ್ಮೆ ಬಿಚ್ಚಿ ಕಥೆ ಹೊಲಿದುಕೊಟ್ಟೆ. ಹೋದಲ್ಲೆಲ್ಲ ಕಾಫಿ, ಹೋದಲ್ಲೆಲ್ಲ ಸಂಗಮ್ಮನ ಮಾತು. ಎಷ್ಟೋ ಜನ ಎಮ್ಮೆಯೂ ಇರಲಿ, ಕಥೆಯೂ ಇರಲಿ ಎಂದರು.

ಗಿರಿಜಕ್ಕನ ಮನೆಗೆ ಹೋದಾಗ ಸಂಗಮ್ಮ ಊರಿಗೆ ಹೋಗಿ ವಾರವಾಗಿತ್ತು. ಪದ್ಮಜ ಬಾಗಿಲಲ್ಲೇ ತಡೆದಳು. "ನನ್ನ ಪ್ರತಿ ಮುಟ್ಟಬೇಡಿ. ಅತ್ತಯ್ಯನ ಪುಸ್ತಕದಲ್ಲಿ ನಾನು ಓದಿದ್ದು ಆ ಎಮ್ಮೆಯ ಪುಟಗಳಷ್ಟೇ. ಮಾ ನಾನ್ನ, ನಮ್ಮಪ್ಪ ಕೂಡ ಎಮ್ಮೆಗೆ ಇದೇ ಕಷಾಯ ಕುಡಿಸುತ್ತಿದ್ದರು," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಉಳಿದದ್ದು ಏನಿದೆ ಅಂತ ಅವತ್ತಿನಿಂದ ಕೇಳುತ್ತಿದ್ದೇನೆ, ದಿನಕ್ಕೊಂದು ಕಥೆ ತೆಲುಗಿನಲ್ಲಿ ಹೇಳುತ್ತಾರೆ," ಎಂದಳು. ಗಿರಿಜಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಕೇಳದವರಂತೆ ನಿಂತಿದ್ದರು.

ಆಮೇಲೆ ನಮ್ಮ ಕಸುಬಿಗೆ ಕೊನೆಗಾಲ ಬಂತು. ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಒಂದು ದಿನ ಕನ್ನಡದ ಮೊಳೆಗಳನ್ನೆಲ್ಲ ಕರಗಿಸಲು ತೂಕ ಹಾಕಿದರು. ಟ ಒತ್ತಿನ ಗೂಡಿನಲ್ಲಿದ್ದ ಒಂದು ಮೊಳೆಯನ್ನು ಯಜಮಾನರ ಎದುರಿಗೇ ಜೇಬಿಗೆ ಹಾಕಿಕೊಂಡೆ. ಅವರು ಬೇರೆ ಕಡೆ ನೋಡಿದರು. ನಾನು ಪರದೆಯ ಮುಂದೆ ಕೂತು ಹೊಸದಾಗಿ ಕಲಿತೆ. ಮೊದಮೊದಲು ಅವಮಾನವೆನಿಸಿತು, ಆಮೇಲೆ ಮಜವೆನಿಸಿತು. ಅಲ್ಲಿ ಒತ್ತು ಎಂದೂ ಖಾಲಿಯಾಗುವುದಿಲ್ಲ. ರೊಟ್ಟಿ ಎಂದು ನೂರು ಸಲ ಹೊಡೆದು ನೋಡಿದೆ. ಹೊಸಬರಿಗೆ ಹೇಳುವುದು ಇಷ್ಟೇ: ಪುಸ್ತಕದ ಹಿಂದು ಮುಂದು ಎಲ್ಲರೂ ನೋಡುತ್ತಾರೆ, ನೀವು ನಡುವೆ ನೋಡಿ. ಹೆಸರು ಹಾಕಬೇಕಾದಲ್ಲಿ ಹೆಸರು ಹಾಕಿ.

ನಾನು ನಿವೃತ್ತನಾಗುವ ವರ್ಷ, ತೊಂಬತ್ತರ ದಶಕದ ನಡುವೆ, ಗಾಜುವಾಕದಿಂದ ಕರೆ ಬಂತು. ಪದ್ಮಜ ಅತ್ತೆಯ ಕಥೆಗಳನ್ನು ತೆಲುಗಿನಲ್ಲಿ ಬರೆದು ಮುಗಿಸಿದ್ದಳು. ಬಾಯಿಂದ ಕೇಳಿದ್ದು ಸಾಲದೆ, ಅತ್ತೆಯಿಂದಲೇ ಕನ್ನಡದ ಅಕ್ಷರ ಕಲಿತು, ಬೆರಳಿಟ್ಟು ಓದಿ ಬರೆದಿದ್ದಳು. ಹಸ್ತಪ್ರತಿ ತರಲು ನಾನೇ ಹೋದೆ. ನನ್ನ ಕೊನೆಯ ಕೆಲಸ ಅದೇ ಆಗಲಿ ಎಂದು ಯಜಮಾನರೂ ಹೇಳಿದ್ದರು.

ಹೋದಾಗ ಗದಗಿನಿಂದ ಯಾರೋ ಬಂದು ಹೋಗಿದ್ದರು. ಸಂಗಮ್ಮ ಖಡಕ್ ರೊಟ್ಟಿ ಕಳಿಸಿದ್ದರು, ಬಟ್ಟೆಯಲ್ಲಿ ಸುತ್ತಿ, ಮೇಲೆ ಹಳೆಯ ಕನ್ನಡ ಪೇಪರಿನ ಅರ್ಧ ಹಾಳೆ. ಗಿರಿಜಕ್ಕ ನಮ್ಮೆಲ್ಲರ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು. ಪದ್ಮಜ ಆ ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು. ಯಾವುದೋ ಊರಿನ ಸಂತೆಗೆ ಬಂದ ಒಂಟೆಯೊಂದು ಹಗ್ಗ ಕಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಓಡಿತಂತೆ. ಅಲ್ಲಿಗೆ ಹಾಳೆ ಹರಿದಿತ್ತು. ಅವಳು ತಲೆಯೆತ್ತಿದಳು.

ಗಿರಿಜಕ್ಕ ರೊಟ್ಟಿ ಹಾಕುವ ಕೈ ನಿಲ್ಲಿಸಿ, "ಮುಂದ ಓದು," ಎಂದರು.

ಪದ್ಮಜ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಹರಿದ ಅಂಚಿನ ಆಚೆ ಏನೂ ಇಲ್ಲದ ಕಡೆ ಬೆರಳಿಟ್ಟಳು. "ಬಸ್ಸಿನಲ್ಲಿ ಜಾಗ ಇತ್ತು," ಎಂದು ಮುಂದೆ ಓದಿದಳು.